ನಾನು ಕಿರಿದು ಮಾಡಿದ ಹಳ್ಳ

ಸರ್ವೇಯರ್ ಆಗಿ ನಾನು ಕೆಲಸ ಮಾಡಿದ್ದು ಹೆಚ್ಚುಕಡಿಮೆ ಎರಡೇ ತಾಲ್ಲೂಕುಗಳಲ್ಲಿ. ಮೊದಲು ಮೊಳಕಾಲ್ಮೂರು, ಆಮೇಲೆ ಚಳ್ಳಕೆರೆ. ನಿವೃತ್ತಳಾದ ಮೇಲೆ ಒಮ್ಮೆ, ಹೊಸದಾಗಿ ಸೇರಿದವರ ತರಬೇತಿಗೆ ಕರೆದು "ನಿಮ್ಮ ಅನುಭವ ಹೇಳಿ ಮೇಡಂ" ಎಂದರು. ಸರಪಳಿ ಎಳೆದದ್ದು, ಬಿಸಿಲು, ನಾಯಿ ಅಟ್ಟಿಸಿಕೊಂಡು ಬಂದದ್ದು, ಎಲ್ಲ ಹೇಳಿದೆ. ಮಕ್ಕಳು ನಕ್ಕರು. ಅಷ್ಟರಲ್ಲಿ ಚಹಾ ಬಂತು. ಹೇಳಬೇಕಾದದ್ದನ್ನು ಹೇಳದೆ ಮನೆಗೆ ಬಂದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಹೊಳಲ್ಕೆರೆ ಕಡೆ. ಕೆಲಸ ಸಿಕ್ಕಾಗ ಇಲಾಖೆಯಲ್ಲಿ ಹೊಲಕ್ಕೆ ಇಳಿದು ಅಳೆಯುವ ಹೆಂಗಸರು ಕಡಿಮೆ. ಮೊಳಕಾಲ್ಮೂರಿನಲ್ಲಿ ನನಗೆ ಜೊತೆಯಾಗಿ ಸಿಕ್ಕವರು ಓಬಯ್ಯ ಎಂಬ ಚೈನ್‌ಮ್ಯಾನ್. ವಯಸ್ಸಿನಲ್ಲಿ ನನ್ನ ತಂದೆಯ ಸಮ. ಸರಪಳಿಯ ತುದಿ ಹಿಡಿದು ಮುಂದೆ ನಡೆಯುವುದು ಅವರ ಕೆಲಸ, ಹಿಂದಿನಿಂದ ಓದಿ ಬರೆದುಕೊಳ್ಳುವುದು ನನ್ನದು. ಆದರೆ ಮೊದಲ ಎರಡು ವರ್ಷ ನನಗೆ ಕೆಲಸ ಕಲಿಸಿದವರು ಅವರೇ. ಯಾವ ಹೊಲಕ್ಕೆ ಹೋದರೂ ಹೋದ ಕೂಡಲೇ ಸರಪಳಿಯನ್ನು ಚೀಲದಿಂದ ತೆಗೆಯುತ್ತಿರಲಿಲ್ಲ. ಮರದ ಕೆಳಗೆ ಕೂತಿದ್ದ ಮುದುಕರನ್ನು ಹುಡುಕಿ ಅವರ ಪಕ್ಕದಲ್ಲಿ ಕೂತುಬಿಡುತ್ತಿದ್ದರು.

"ಟೈಮ್ ಆಯ್ತು ಓಬಯ್ಯ" ಎಂದರೆ, "ಸರಪಳಿ ಬಿಚ್ಚಾಕೆ ಮುಂಚೆ ಎಲೆ ಅಡಿಕೆ ಬಿಚ್ಚಬೇಕು ಮೇಡಮ್ಮೋರೆ. ಕಲ್ಲು ಎಲ್ಲೈತೆ ಅಂತ ಕಾಗದಕ್ಕಿಂತ ಇವ್ರಿಗೇ ಚೆನ್ನಾಗಿ ಗೊತ್ತೈತೆ" ಎನ್ನುತ್ತಿದ್ದರು.

ಒಂದು ಸಲ ಆಂಧ್ರದ ಗಡಿಯ ಹತ್ತಿರದ ಹಳ್ಳಿಗೆ ಓಬಯ್ಯ ರಜೆ ಹಾಕಿದ್ದ ದಿನ ಹೋಗಬೇಕಾಯಿತು. ಅಣ್ಣತಮ್ಮಂದಿರ ನಡುವೆ ಹೊಲದ ಹದ್ದಿನ ಜಗಳ. ಗಡಿಯ ಬಾಂದುಕಲ್ಲು ಎಲ್ಲಿದೆ ಎಂದು ಅವರ ತಾಯಿಯನ್ನು ಕೇಳಿದೆ. ಆಕೆ ತೆಲುಗಿನಲ್ಲಿ, "ವಂಕ ಪಕ್ಕನೇ ರಾಯಿ ಉಂದಮ್ಮಾ" ಎಂದಳು. ರಾಯಿ ಎಂದರೆ ಕಲ್ಲು ಎಂದು ಗೊತ್ತಿತ್ತು. ವಂಕ ಎಂದರೆ ಡೊಂಕು ಇರಬೇಕು ಎಂದುಕೊಂಡೆ. ಅರ್ಧ ದಿನ ಡೊಂಕಾದ ಕಲ್ಲು ಹುಡುಕಿದೆ. ಡೊಂಕಾದದ್ದು ಒಂದು ಸಿಕ್ಕಿಯೂ ಬಿಟ್ಟಿತು, ಅದರಿಂದಲೇ ಅಳತೆ ಶುರು ಮಾಡಿದೆ. ಎಲ್ಲ ಮುಗಿಯುವ ಹೊತ್ತಿಗೆ ಅಣ್ಣನ ಬಾವಿ ತಮ್ಮನ ಹೊಲದಲ್ಲಿತ್ತು. ಮಾರನೆಯ ದಿನ ಓಬಯ್ಯನವರಿಗೆ ಹೇಳಿದರೆ ಅವರು ನಕ್ಕು ನಕ್ಕು ಕೆಮ್ಮಿದರು.

"ವಂಕ ಅಂದ್ರೆ ಹಳ್ಳ ಕಣಮ್ಮ! ಹಳ್ಳದ ಪಕ್ಕ ಕಲ್ಲೈತೆ ಅಂದೈತೆ ಆ ಯಮ್ಮ."

ಹೋಗಿ ನೋಡಿದರೆ ಹಳ್ಳದ ದಡದಲ್ಲಿ ಲಕ್ಕಿ ಗಿಡದ ಬುಡದಲ್ಲಿ ಕಲ್ಲು ನೆಟ್ಟಗೆ ನಿಂತಿತ್ತು. ಅಣ್ಣತಮ್ಮಂದಿರು ಜಗಳ ಮರೆತು ನನ್ನನ್ನು ನೋಡಿ ನಕ್ಕರು.

ಆಗಿನ ನಮ್ಮ ಮೇಲ್ವಿಚಾರಕರು ಶ್ರೀಕಂಠಯ್ಯ ಎಂಬವರು. ಜೋರು ದನಿ ಎತ್ತಿದವರಲ್ಲ. ಒಮ್ಮೆ ನಾನು ಕೊಟ್ಟ ನಕ್ಷೆಯನ್ನು ಎರಡು ನಿಮಿಷ ನೋಡಿ ವಾಪಸು ತಳ್ಳಿದರು. "ನಾಲ್ಕನೇ ಮಗ್ಗುಲು ನೀವು ನಡೆದಿಲ್ಲ" ಎಂದರು. ನಿಜವೇ. ಮೂರು ಬದಿ ಅಳೆದು, ಜಾಲಿ ಮುಳ್ಳಿದ್ದ ನಾಲ್ಕನೆಯದನ್ನು ಲೆಕ್ಕ ಹಾಕಿ ಬರೆದಿದ್ದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಇಷ್ಟು ಸರಿಯಾಗಿ ಯಾವ ಹೊಲವೂ ಕೂಡೋದಿಲ್ಲ ತಾಯಿ. ಅಂಗುಲ ಆದರೂ ಹೆಚ್ಚುಕಡಿಮೆ ಬರುತ್ತೆ" ಎಂದರು. ಮತ್ತೆ ಹೋಗಿ ಮುಳ್ಳಿನಲ್ಲಿ ನಡೆದೆ.

ಇಂಥವರ ಕೈಕೆಳಗೆ ಪಳಗಿದವಳು ನಾನು. ಅದಕ್ಕೇ ಮುಂದಿನದನ್ನು ಬರೆಯುವುದು ಕಷ್ಟ.

ಚಳ್ಳಕೆರೆಗೆ ವರ್ಗವಾಗಿ ಕೆಲವು ವರ್ಷವಾಗಿತ್ತು. ಓಬಯ್ಯ, ಶ್ರೀಕಂಠಯ್ಯ ಇಬ್ಬರೂ ನಿವೃತ್ತರಾಗಿದ್ದರು. ಊರಂಚಿನ ಒಂದು ಜಮೀನನ್ನು ಸೈಟುಗಳಾಗಿ ಮಾಡಲು ಅರ್ಜಿ ಬಂತು. ಜಮೀನಿನ ಮೇಲ್ಗಡೆ ದೊಡ್ಡ ಹುಲ್ಲುಗಾವಲು, ಸರ್ಕಾರದ್ದು. ಅಲ್ಲಿಂದ ಒಂದು ಹಳ್ಳ ಹುಟ್ಟಿ ಈ ಜಮೀನಿನ ಮಧ್ಯೆ ಹಾದು ಕೆಳಗಿನ ಕುರಿಗಾರರ ಹಟ್ಟಿಯ ಪಕ್ಕದಿಂದ ಕೆರೆಗೆ ಹೋಗುತ್ತಿತ್ತು. ಹೋಗುತ್ತಿತ್ತು ಎಂದು ಗ್ರಾಮನಕ್ಷೆಯಲ್ಲಿ ಇತ್ತು. ಸ್ಥಳದಲ್ಲಿ ನೋಡಿದರೆ ಒಂದು ಬಚ್ಚಲಷ್ಟು ಕಾಲುವೆ. ಉಳಿದದ್ದನ್ನೆಲ್ಲ ಉತ್ತು ಶೇಂಗಾ ಬಿತ್ತಿದ್ದರು. ಒಂದು ಕಡೆ ಮಾತ್ರ ಈಚಲು ಮರಗಳ ಗುಂಪು ಉಳಿದಿತ್ತು. ಅದರ ಗರಿಗಳಿಗೆ ಗೀಜಗನ ಗೂಡುಗಳು ಜೋತುಬಿದ್ದಿದ್ದವು.

ಹಳ್ಳದ ನಿಜವಾದ ಅಗಲ ಟಿಪ್ಪಣಿ ಪುಸ್ತಕದಲ್ಲಿ ಇರುತ್ತದೆ. ಮೊಟ್ಟಮೊದಲ ಸರ್ವೆಯಲ್ಲಿ ಹಿಂದಿನವರು ಸ್ಥಳದಲ್ಲೇ ಕೂತು ಬರೆದ ಅಳತೆ ಅದು. ಹಳ್ಳಕ್ಕೆಂದು ಬಿಟ್ಟ ಅಷ್ಟು ನೆಲ ಯಾರ ಪಟ್ಟಾಕ್ಕೂ ಸೇರುವುದಿಲ್ಲ. ಆ ದಿನ ಆ ಪುಸ್ತಕ ಬೈಂಡಿಂಗಿಗೆ ಹೋಗಿತ್ತು. ಒಂದು ವಾರ ಕಾದಿದ್ದರೆ ಬರುತ್ತಿತ್ತು. ನಾನು ಕಾಯಲಿಲ್ಲ. ಬೇಸಿಗೆಯ ಮಧ್ಯಾಹ್ನ, ಅದು ಆ ದಿನದ ಮೂರನೇ ಅಳತೆ. ಅವ್ವನ ಕಣ್ಣಿನ ಆಪರೇಷನ್ನಿಗೆ ನಾಲ್ಕು ಗಂಟೆಯ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಡಬೇಕಿತ್ತು. ಇವು ಕಾರಣಗಳು, ಸಮರ್ಥನೆಯಲ್ಲ. ಯಾರೂ ನನಗೆ ಏನೂ ಕೊಡಲಿಲ್ಲ, ಜಮೀನಿನವರು ಒಂದು ಲೋಟ ಮಜ್ಜಿಗೆ ಕೊಟ್ಟರು ಅಷ್ಟೆ. ಆಸೆಯಿಂದ ಮಾಡಿದ ತಪ್ಪಾಗಿದ್ದರೆ ಜನಕ್ಕೆ ಬೇಗ ಅರ್ಥವಾಗುತ್ತಿತ್ತು. ಇದು ಅವಸರದ ತಪ್ಪು.

ಕುರಿ ಬಿಟ್ಟುಕೊಂಡು ಬಂದ ಪಾಲಯ್ಯ ಎಂಬವರು, ಕೆಳಗಿನ ಹಟ್ಟಿಯವರು, ಕೋಲಿಗೆ ಗಲ್ಲ ಊರಿ ನಾನು ಅಳೆಯುವುದನ್ನೇ ನೋಡುತ್ತಿದ್ದರು.

"ಅಮ್ಮಾ, ಇಷ್ಟೇ ಅಂತ ಬರ್ಕಂತೀರಾ?"

"ಇರೋದು ಇಷ್ಟೇ ಅಲ್ವೇನಪ್ಪ."

"ಇದು ಹಳ್ಳ ಕಣಮ್ಮ. ಆ ಈಚಲ ಮರದಿಂದ ಈ ಬಂಡೆಗಂಟ ಹಳ್ಳ. ನಮ್ಮ ಅಕ್ಕನ ಮದುವೆ ವರ್ಷ ದಿಬ್ಬಣ ಆಚೆ ದಡದಾಗೆ ಎಲ್ಡು ದಿನ ನಿಂತಿತ್ತು, ದಾಟಾಕಾಗ್ದೆ."

"ಅದು ಯಾವ ಕಾಲದ ಮಾತು" ಎಂದು ನಾನು ಟೇಪು ಸುತ್ತಿಕೊಂಡೆ. ಓಬಯ್ಯ ಇದ್ದಿದ್ದರೆ ಅಲ್ಲೇ ಕೂತು ಎಲೆ ಅಡಿಕೆ ಬಿಚ್ಚುತ್ತಿದ್ದರು. ನಾನು 'ಸ್ಥಳದಲ್ಲಿ ಕಂಡಂತೆ ಹಳ್ಳದ ಅಗಲ ಹತ್ತು ಅಡಿ' ಎಂದು ಬರೆದು ಸಹಿ ಹಾಕಿದೆ. ಬಸ್ಸು ಸಿಕ್ಕಿತು. ಅವ್ವನ ಕಣ್ಣು ಸರಿಹೋಯಿತು.

ಬಡಾವಣೆ ಎದ್ದಿತು. ಈಚಲು ಮರಗಳನ್ನು ಒಂದೇ ದಿನದಲ್ಲಿ ಕೆಡವಿದರು. ರಸ್ತೆಗೆ ಬೇಕಾದ ಗರಸು ಮಣ್ಣನ್ನು ಮೇಲಿನ ಹುಲ್ಲುಗಾವಲಿನಿಂದಲೇ ಅಗೆದು ತಂದರು. ಅಗೆದ ಕಡೆ ಹುಲ್ಲು ಮತ್ತೆ ಬರಲಿಲ್ಲ. ಹಳ್ಳ ಇದ್ದಲ್ಲಿ ಹತ್ತಡಿ ಚರಂಡಿ ಕಟ್ಟಿ, ರಸ್ತೆಯ ಕೆಳಗೆ ಸಿಮೆಂಟಿನ ಪೈಪು ಹಾಕಿದರು. ನನ್ನ ನಕ್ಷೆಯ ಪ್ರಕಾರ ಎಲ್ಲ ಸರಿ. ಮನೆಗಳು ಬಂದವು. ವರ್ಷಗಟ್ಟಲೆ ಮಳೆ ಅಷ್ಟಕ್ಕಷ್ಟೆ, ಚರಂಡಿಯಲ್ಲಿ ಮಕ್ಕಳು ಚೆಂಡು ಹುಡುಕುತ್ತಿದ್ದರು.

ಆ ನಡುವೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಸರಪಳಿ ಹೋಗಿ ಟೇಪು ಬಂದಿತ್ತು, ಟೇಪು ಹೋಗಿ ಕಂಬದ ತುದಿಯಲ್ಲಿ ಅಣಬೆಯಂಥ ಯಂತ್ರ ಬಂತು. ಅದಕ್ಕೆ ರೋವರ್ ಎನ್ನುತ್ತಾರೆ. ಅದನ್ನು ನೆಲಕ್ಕೆ ಊರಿದರೆ ನೀವು ನಿಂತ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ಉಪಗ್ರಹದಿಂದ ತಿಳಿದು ಹೇಳುತ್ತದೆ. ಹೊಸದಾಗಿ ಸೇರಿದ ಕವಿತಾ ಎಂಬ ಹುಡುಗಿ ಅದನ್ನು ನನಗೆ ಕಲಿಸಿದಳು. ನಾನು ವಾರ ಹಿಡಿಯುತ್ತಿದ್ದ ಕೆಲಸ ಅವಳು ಒಂದು ಬೆಳಗಿನಲ್ಲಿ ಮುಗಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಆ ಮಳೆ ಬಂತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ, ಮಳೆ ನಿಂತಿದ್ದಾಗಲೇ, ಮೇಲಿನಿಂದ ನೀರು ಬಂತು. ಪೈಪು ಕಸ ಕಟ್ಟಿಕೊಂಡಿತು. ನೀರು ರಸ್ತೆಗೆ ಏರಿ ಸೊಂಟದವರೆಗೆ ಮನೆಗಳೊಳಗೆ ನಿಂತಿತು. ಯಾರ ಜೀವವೂ ಹೋಗಲಿಲ್ಲ. ಕೆಳಗಿನ ಹಟ್ಟಿಯಲ್ಲಿ ಎರಡು ಗೋಡೆ ಬಿದ್ದವು, ದೊಡ್ಡಿಯಲ್ಲಿದ್ದ ಕುರಿಗಳು ಕೊಚ್ಚಿಹೋದವು.

ವಾರದ ನಂತರ ಬಡಾವಣೆಯವರು ಅರ್ಜಿ ಹಿಡಿದು ಕಚೇರಿಗೆ ಬಂದರು. ಮುಂದೆ ನಿಂತಿದ್ದವರು ರಹಮತ್, ಟ್ರ್ಯಾಕ್ಟರ್ ಮೆಕ್ಯಾನಿಕ್. ಅವರ ಮನೆಯೇ ಚರಂಡಿಗೆ ಎಲ್ಲಕ್ಕಿಂತ ಹತ್ತಿರ. ಹೆಂಡತಿ ಶಾಹೀನಾ ಮನೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಅವರ ಮೂರು ಮಿಷನ್ನೂ ಕೆಸರಿನಲ್ಲಿ ಹೂತಿದ್ದವು. ಅರ್ಜಿಯಲ್ಲಿ ಎರಡು ಮಾತಿತ್ತು. ಬಡಾವಣೆಯ ಮೇಲಂಚಿಗೆ ತಡೆಗೋಡೆ ಕಟ್ಟಬೇಕು. ಮೇಲೆ ಉಳಿದಿರುವ ಹುಲ್ಲುಗಾವಲನ್ನು ಸಮ ಮಾಡಿ ಗೋದಾಮು ಕಟ್ಟುವ ಮಾತು ಕೇಳಿಬರುತ್ತಿದೆ, ಅದನ್ನು ನಿಲ್ಲಿಸಬೇಕು. ಸರ್ವೆ ಮಾಡಿ ವರದಿ ಕೊಡಿ ಎಂದು ಕಡತ ನಮ್ಮ ಶಾಖೆಗೆ ಬಂತು. ಹಿರಿಯಳು ಎಂದು ನನ್ನ ಮೇಜಿಗೇ ಬಂತು.

ಕವಿತಾಳನ್ನು ಕರೆದುಕೊಂಡು ಸ್ಥಳಕ್ಕೆ ಹೋದೆ. ಗೋಡೆಗಳ ಮೇಲೆ ನೀರಿನ ಗೆರೆ ಇನ್ನೂ ಹಸಿಯಾಗಿತ್ತು. ರಹಮತ್ ನನ್ನನ್ನು ಅಕ್ಕರೆಯಿಂದ ಕೂರಿಸಿದರು. "ಮೇಡಂ, ಆ ಚರಂಡಿ ಕಟ್ಟಿದೋರು ನಮ್ ಜಾಗ ನುಂಗವ್ರೆ, ಅದ್ಕೇ ನೀರು ನಮ್ಮ ಕಡೆ ನುಗ್ತು. ನೀವು ಸರಿಯಾಗಿ ಅಳ್ದು ಕೊಡಿ. ನಿಮ್ ಮೇಲೆ ನಮ್ಗೆ ಭರೋಸಾ ಐತೆ" ಎಂದರು. ಕವಿತಾ ಕಂಬ ಊರಿ ನಾಲ್ಕೂ ಮೂಲೆ ಹಿಡಿದಳು. "ಮೇಡಂ, ಮಂಜೂರಾದ ನಕ್ಷೆಗೂ ಸ್ಥಳಕ್ಕೂ ಒಂದಿಂಚು ವ್ಯತ್ಯಾಸ ಇಲ್ಲ" ಎಂದಳು. ಅದು ನನ್ನ ನಕ್ಷೆ. ಇಷ್ಟು ಸರಿಯಾಗಿ ಯಾವ ಹೊಲವೂ ಕೂಡೋದಿಲ್ಲ ಎಂದಿದ್ದ ಶ್ರೀಕಂಠಯ್ಯನವರ ಮಾತು ನೆನಪಾಯಿತು.

ಹಟ್ಟಿಗೆ ಹೋಗಿ ಪಾಲಯ್ಯನವರನ್ನು ಹುಡುಕಿದೆ. ಅವರಿಗೆ ವಯಸ್ಸಾಗಿತ್ತು. ನನ್ನ ಗುರುತು ಹತ್ತಲಿಲ್ಲ, ಅಥವಾ ಹತ್ತದಂತೆ ಇದ್ದರು. ಈ ಸಲ ಮನೆಯ ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದೆ.

"ಗೋಡೆ ಕಟ್ತಾರಂತಲ್ಲಮ್ಮ. ಅವ್ರು ಗೋಡೆ ಕಟ್ಟಿದ್ರೆ ಆ ನೀರು ಎಲ್ಲಿಗೆ ಬತ್ತೈತೆ? ಸುತ್ಕಂಡು ನಮ್ಮ ಹಟ್ಟಿಗೇ ಬತ್ತೈತೆ."

"ಮೊದಲು ಇಷ್ಟು ನೀರು ಬರ್ತಿತ್ತಾ?"

"ಬತ್ತಿತ್ತು. ಆದ್ರೆ ಹಿಂಗೆ ಅಲ್ಲ. ಮೇಲೆ ಹುಲ್ಲಿದ್ದಾಗ ನೀರು ನಡ್ಕಂಡು ಬತ್ತಿತ್ತು. ಈಗ ಗರಸು ಬಗೆದು ಬರೇ ಕಲ್ಲು ಮಾಡವ್ರೆ, ಓಡ್ಕಂಡು ಬತ್ತೈತೆ. ಜಿಂಕೆ ಮರಿ ಹಾಕ್ತಿದ್ದ ಜಾಗ ಅದು. ಗೌಜಲು ಹಕ್ಕಿ ನೆಲದಾಗೇ ಮೊಟ್ಟೆ ಇಡ್ತಿದ್ವು, ಕುರಿ ತುಳೀದಂಗೆ ನಾವು ಸುತ್ತಾಕ್ಕಂಡು ಹೋಗ್ತಿದ್ವಿ. ಈಗ ತುಳ್ಯಾಕೆ ಏನೈತೆ?"

ಮಾರನೆಯ ದಿನ ರೆಕಾರ್ಡ್ ರೂಮಿನಲ್ಲಿ ಟಿಪ್ಪಣಿ ಪುಸ್ತಕ ತೆಗೆಸಿದೆ. ಅಚ್ಚುಕಟ್ಟಾಗಿ ಬೈಂಡ್ ಆಗಿತ್ತು. ಆ ಸರ್ವೆ ನಂಬರಿನ ಪುಟದಲ್ಲಿ ಮಾಸಿದ ಮಸಿಯಲ್ಲಿ ಹಳ್ಳದ ಅಗಲ ಎರಡು ಸರಪಳಿ ನಾಲ್ಕು ಆಣೆ ಎಂದು ಬರೆದಿತ್ತು. ಸರಪಳಿಯೆಂದರೆ ಮೂವತ್ತಮೂರು ಅಡಿ, ಅದರ ಹದಿನಾರರಲ್ಲಿ ಒಂದು ಪಾಲು ಆಣೆ. ಎಂದರೆ ಎಪ್ಪತ್ತನಾಲ್ಕು ಅಡಿಗೂ ತುಸು ಹೆಚ್ಚು. ಅದನ್ನು ನಾನು ಹತ್ತು ಅಡಿ ಮಾಡಿದ್ದೆ. ಪಕ್ಕದಲ್ಲಿ ನಿಂತಿದ್ದ ಕವಿತಾ ನನ್ನ ಹಳೆಯ ನಕ್ಷೆಯ ಕೆಳಗಿನ ಸಹಿ ನೋಡಿದಳು, ನನ್ನ ಮುಖ ನೋಡಿದಳು. ಅಳತೆಗಳನ್ನು ಯಂತ್ರಕ್ಕೆ ಹಾಕಿ ನಕ್ಷೆಯ ಮೇಲೆ ಹಳೆಯ ಹಳ್ಳವನ್ನು ಮೂಡಿಸಿದಳು. ಬಡಾವಣೆಯ ಏಳು ಮನೆಗಳು ಅದರೊಳಗೆ ಇದ್ದವು. ಐದರ ಅಂಚು ಮಾತ್ರ. ಒಂದರ ಹಿತ್ತಲು. ರಹಮತ್ ಅವರ ಮನೆ ಅರ್ಧಕ್ಕೆ ಅರ್ಧ.

ಮೂರು ದಿನ ನಾನು ವರದಿ ಬರೆಯಲಿಲ್ಲ. ಬಡಾವಣೆ ಮಂಜೂರಾದಂತೆ ಇದೆ ಎಂದು ಒಂದು ಸಾಲು ಬರೆದರೆ ಸಾಕಿತ್ತು. ತಡೆಗೋಡೆ ಏಳುತ್ತಿತ್ತು, ರಹಮತ್ ಮನೆ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಮುಂದೆಂದೋ ಒಂದು ದೊಡ್ಡ ಮಳೆಯಲ್ಲಿ ಹಟ್ಟಿ ಮುಳುಗಿದರೆ ನಾನು ಆಗ ನಿವೃತ್ತಳಾಗಿರುತ್ತಿದ್ದೆ. ಇದನ್ನೆಲ್ಲ ಲೆಕ್ಕ ಹಾಕಿದೆ ಎಂದು ಒಪ್ಪಿಕೊಳ್ಳುತ್ತೇನೆ. ನಾಲ್ಕನೆಯ ದಿನ ಕವಿತಾ ಊಟದ ಡಬ್ಬಿ ತೆರೆಯುತ್ತ, "ಮೇಡಂ, ನಾನು ಯಾವ ಅಳತೆಗೆ ಸಹಿ ಹಾಕಲಿ?" ಎಂದು ಕೇಳಿದಳು. ಜಂಟಿ ವರದಿ ಅದು. ಅವಳ ಮುಂದಿನ ಮೂವತ್ತು ವರ್ಷದ ಕೆಲಸ ನನ್ನ ಸುಳ್ಳಿನಿಂದ ಶುರುವಾಗುವುದಿತ್ತು.

ಆ ಮಧ್ಯಾಹ್ನವೇ ಬರೆದೆ. ಹಳ್ಳದ ಮೂಲ ಅಗಲ, ಏಳು ಮನೆಗಳ ವಿವರ, ತಡೆಗೋಡೆ ಕಟ್ಟಿದರೆ ನೀರು ಹಟ್ಟಿಗೆ ತಿರುಗುವುದು, ಹುಲ್ಲುಗಾವಲಿನಿಂದ ಇನ್ನು ಮಣ್ಣು ತೆಗೆಯಬಾರದೆಂಬುದು. ಕೊನೆಗೆ ಪ್ರತ್ಯೇಕ ಹಾಳೆಯಲ್ಲಿ, 'ಹಿಂದಿನ ಅಳತೆಯಲ್ಲಿ ಟಿಪ್ಪಣಿ ನೋಡದೆ ಅಗಲ ನಮೂದಿಸಿದ್ದು ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದೆ.

ಕಡತ ಮೇಲೆ ಹೋಗುವ ಮೊದಲು ರಹಮತ್ ಮನೆಗೆ ಹೋದೆ. ನೋಟಿಸು ಕೈಸೇರುವ ಮುಂಚೆ ನನ್ನ ಬಾಯಿಂದಲೇ ಕೇಳಲಿ ಎಂದು. ನಕ್ಷೆ ಬಿಡಿಸಿ ತೋರಿಸಿದೆ. ರಹಮತ್ ಗೆರೆಯ ಮೇಲೆ ಬೆರಳಿಟ್ಟರು.

"ಇದು ನಮ್ಮ ಅಡಿಗೆ ಮನೆ, ಅಲ್ವಾ?"

"ಹೌದು. ಹಿಂದಿನ ರೂಮೂ ಅಷ್ಟೆ."

"ನೀರು ನಮ್ ಮನೇಗೆ ಬರ್ಲಿಲ್ಲ ಹಂಗಾದ್ರೆ. ನಾವೇ ನೀರಿನ ಮನೇಗೆ ಹೋಗಿದೀವಿ."

ಶಾಹೀನಾ ಬಾಗಿಲಲ್ಲಿ ನಿಂತಿದ್ದರು. "ಆವಾಗ ಅಳ್ದೋರು ಯಾರು?" ಎಂದು ಕೇಳಿದರು.

"ನಾನೇ ಅಮ್ಮ."

ರಹಮತ್ ಎದ್ದು ಹೊರಗೆ ಹೋದರು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಬಹಳ ದಿನ ಅವರು ನನ್ನನ್ನು ಬಜಾರಿನಲ್ಲಿ ಕಂಡರೆ ಬೈಕು ತಿರುಗಿಸಿಕೊಂಡು ಹೋಗುತ್ತಿದ್ದರು. ಬಡಾವಣೆಯ ಉಳಿದವರೂ ಸಿಟ್ಟಾದರು. ಅರ್ಜಿ ಕೊಟ್ಟವರು ನಾವು, ನಮ್ಮ ಮನೆಗೇ ಗೆರೆ ಎಳೆದರಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮುಂದಿನದು ನಿಧಾನಕ್ಕೆ ನಡೆಯಿತು. ಸಭೆಗಳಾದವು. ಒಂದು ಸಭೆಯಲ್ಲಿ ಪಾಲಯ್ಯ ಎದ್ದು ನಿಂತು, "ಈ ಅಣ್ಣೋರು ಬೇಕಂತ ಹಳ್ಳದಾಗೆ ಕುಂತಿಲ್ಲ ಸಾಮಿ. ಅವ್ರಿಗೆ ಬ್ಯಾರೆ ಜಾಗ ಕೊಟ್ಟು ಹಳ್ಳ ಬಿಡಿಸಿ" ಎಂದರು. ಗೋಡೆ ಬೇಕು, ಬೇಡ ಎಂದು ಎರಡು ಪಾಳೆಯವಾಗಿ ಕೂತಿದ್ದ ಜನ ಆ ದಿನದ ಮೇಲೆ ಒಟ್ಟಿಗೆ ಓಡಾಡಿದರು. ಬಡಾವಣೆ ಮಾಡಿದವರ ಹತ್ತಿರ ಮಾರಾಟವಾಗದ ಸೈಟುಗಳಿದ್ದವು. ಅವುಗಳಲ್ಲಿ ಒಂದನ್ನು ರಹಮತ್ ಅವರಿಗೆ ಬದಲಿಯಾಗಿ ಕೊಡಿಸುವುದೆಂದು ಮಾತಾಯಿತು. ಅವರು ಬೇಡವೆಂದರು. ಮನೆಯ ಮುಂದಿನ ಅರ್ಧ ಹಳ್ಳದ ಹೊರಗಿದೆ, ಅಲ್ಲೇ ಇರುತ್ತೇವೆ, ಪಕ್ಕದ ಖಾಲಿ ಸೈಟು ಕೊಡಿ, ಅಡಿಗೆ ಮನೆ ಅಲ್ಲಿ ಕಟ್ಟಿಕೊಳ್ಳುತ್ತೇವೆ ಎಂದರು. ಹಾಗೇ ಆಯಿತು, ಮನೆಯ ಹಿಂದಿನ ಅರ್ಧ ಒಡೆದರು. ಪೈಪು ಕಿತ್ತು ಸೇತುವೆ ಮಾಡಿದರು. ಹಳ್ಳವನ್ನು ಪೂರ್ತಿ ಬಿಡಿಸಲು ಆಗಲಿಲ್ಲ, ಸುಮಾರು ಮುಕ್ಕಾಲು ಪಾಲು ಬಿಟ್ಟರು. ಗೋದಾಮು ಬೇರೆ ಕಡೆ ಹೋಯಿತು. ನಮ್ಮ ವರದಿಯಿಂದಲೋ, ಅವರಿಗೇ ಆ ಜಾಗ ಬೇಡವಾಯಿತೋ ನನಗೆ ತಿಳಿಯದು. ನನಗೆ ಕಾರಣ ಕೇಳಿ ನೋಟಿಸು ಬಂತು, ಉತ್ತರ ಕೊಟ್ಟೆ, ಶಿಕ್ಷೆಯಾಯಿತು. ಬೀಳ್ಕೊಡುಗೆ ಸಮಾರಂಭದ ಭಾಷಣಗಳಲ್ಲಿ ಅದನ್ನು ಯಾರೂ ಎತ್ತಲಿಲ್ಲ.

ನಿವೃತ್ತಳಾದ ಮರುವರ್ಷ ಮತ್ತೆ ಜೋರು ಮಳೆಯಾಯಿತು. ಎರಡನೆಯ ದಿನ ಬೆಳಿಗ್ಗೆ ಶಾಹೀನಾ ಫೋನು ಮಾಡಿದರು. ನನ್ನ ನಂಬರು ಎಲ್ಲಿ ಸಿಕ್ಕಿತೋ.

"ಹಳ್ಳ ಬಂದೈತೆ. ನೋಡ್ತೀರೇನು ಬರ್ರಿ" ಎಂದರು. ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಆಟೋ ಹಿಡಿದು ಹೋದೆ. ಅವರ ಮನೆಯ ಹಿಂಬದಿ, ಒಡೆದ ಗೋಡೆಗೆ ಹೊಸದಾಗಿ ಸಿಮೆಂಟು ಮೆತ್ತಿದ್ದಲ್ಲಿ, ರಹಮತ್ ಮತ್ತು ಶಾಹೀನಾ ನಿಂತಿದ್ದರು. ಐದಾರು ಮಾರು ದೂರದಲ್ಲಿ ಕೆಂಪು ನೀರು ಅಗಲಕ್ಕೆ ಹರಡಿ ಹೋಗುತ್ತಿತ್ತು. ಮನೆಗಳ ಅಂಚು ಮುಟ್ಟದೆ, ಸೇತುವೆಯ ಕೆಳಗಿಂದ, ಹಟ್ಟಿಯ ಪಕ್ಕದಿಂದ ಕೆರೆಯ ಕಡೆಗೆ. ಆಚೆ ದಡದಲ್ಲಿ ಹಟ್ಟಿಯ ಹೆಂಗಸರು ಸೆರಗು ತಲೆಗೆ ಹೊದ್ದು ನೋಡುತ್ತಿದ್ದರು. ರಹಮತ್ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಪಕ್ಕದಲ್ಲಿ ಇಟ್ಟರು. ಕೂತೆ. ಮೂವರೂ ನೀರನ್ನೇ ನೋಡಿದೆವು.

ಶಾಹೀನಾ ನನ್ನ ಕಡೆ ತಿರುಗದೆ ಹೇಳಿದರು: "ಆವಾಗ್ಲೇ ನೀವು ಸರಿಯಾಗಿ ಬರ್ದಿದ್ರೆ ನಾವು ಈ ಸೈಟು ತಗಂತಾನೇ ಇರ್ಲಿಲ್ಲ."

"ಇಲ್ಲ. ತಗೊಳ್ತಿರಲಿಲ್ಲ" ಎಂದೆ.

ಮಳೆ ಮತ್ತೆ ಹನಿಯತೊಡಗಿತು. "ಒಳಗೆ ಬರ್ರಿ, ನೆನೀತೀರ" ಎಂದು ಆಕೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು.